ಕಾರಹುಣ್ಣಿಮೆಯೊಳಗೆ ವಾಪಸ್: ನಮ್ಮ ಪ್ಯಾರಿಸ್–ವೆಂಗೆನ್ ಹನಿಮೂನ್ ತಯಾರಿ, ಇಲ್ಲಿಯವರೆಗೆ

ಜನವರಿ, ಸಂಕ್ರಾಂತಿ ಮುಗಿದ ಮೇಲೆ

ಮದುವೆ ಏಪ್ರಿಲ್ ಕೊನೆಯ ವಾರಕ್ಕೆ ಗಟ್ಟಿಯಾಯಿತು. ಪ್ಯಾರಿಸ್ ನನ್ನ ಪಟ್ಟು, ಬೆಟ್ಟ ಇವರ ಪಟ್ಟು. ಎರಡೂ ಆಗಲಿ ಎಂದುಕೊಂಡೆವು. ದುಡ್ಡಿನ ಮಾತು ಅಪ್ಪನ ಮುಂದೆ ಎತ್ತುವ ಮೊದಲೇ ನಾನೊಂದು ಲೆಕ್ಕ ಹಾಕಿಟ್ಟಿದ್ದೆ: ಬಂಗಾರದಲ್ಲಿ ಪಾಟ್ಲಿ ಬೇಡ, ಆ ದುಡ್ಡು ಪ್ರಯಾಣಕ್ಕೆ ಕೊಡಿ. ಅಪ್ಪ ಒಪ್ಪಿದರು. ಅವ್ವ ಎರಡು ದಿನ ಮಾತಾಡಲಿಲ್ಲ, ಆಮೇಲೆ ಸರಿಹೋದಳು.

ನಿಜವಾದ ತೊಡಕು ಪಂಚಾಂಗದ್ದು. ಮದುವೆಯಾದ ಕೂಡಲೇ, ಮೇ ತಿಂಗಳಲ್ಲೇ ಕಲಬುರಗಿಯ ಬಿಸಿಲು ತಪ್ಪಿಸಿಕೊಂಡು ಹೊರಡೋಣ ಎಂಬುದು ಇವರ ಆಸೆ. ಆದರೆ ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿ ಮೇ ಎಂದರೆ ಅತ್ತ ಚಳಿಗಾಲವೂ ಅಲ್ಲ, ಇತ್ತ ಬೇಸಿಗೆಯೂ ಅಲ್ಲ. ಸ್ಕೀ ಆಡುವವರು ಹೋಗಿರುತ್ತಾರೆ, ಕೇಬಲ್ ಕಾರುಗಳಲ್ಲಿ ಹಲವನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ, ಎತ್ತರದ ಕಾಲುಹಾದಿಗಳ ಮೇಲೆ ಹಿಮ ಇನ್ನೂ ಕರಗಿರುವುದಿಲ್ಲ. ಜೂನ್ ನಡುವಿನಿಂದ ಎಲ್ಲ ತೆರೆದುಕೊಳ್ಳುತ್ತದೆ. ಜೂನ್ ಎಂದ ಕೂಡಲೇ ಅವ್ವನ ತಕರಾರು ಶುರುವಾಯಿತು: “ಆಷಾಢ ಬರ್ತದ. ಹೊಸ ಸೊಸಿ ತವರಿಗಿ ಬರ್ಬೇಕು, ಗಂಡನ ಕೂಡ ಅಡ್ಡಾಡ್ಲಾಕ ಬರಂಗಿಲ್ಲ.”

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್ ಇಳಿಸಿ ನೋಡಿದೆ. 2026ರಲ್ಲಿ ಅಧಿಕ ಜ್ಯೇಷ್ಠ ಬಂದಿದೆ, ಮೇ 17ರಿಂದ ಜೂನ್ 15ರವರೆಗೆ. ನಿಜ ಜ್ಯೇಷ್ಠ ಜೂನ್ 16ರಿಂದ ಜುಲೈ 14. ಆಷಾಢ ಕಾಲಿಡುವುದೇ ಜುಲೈ 15ಕ್ಕೆ! ಅಧಿಕ ಮಾಸ ಬಂದದ್ದರಿಂದ ಆಲ್ಪ್ಸ್‌ನ ಒಳ್ಳೆಯ ಕಾಲದಲ್ಲೇ ನಮಗೆ ಸರಿಯಾಗಿ ಒಂದು ತಿಂಗಳು ಸಿಕ್ಕಿತು. ಅವ್ವನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಉಣಿಸುವ ಕಾರ್ಯಕ್ರಮವೂ ಅಷ್ಟರೊಳಗೆ ಮುಗಿದಿರುತ್ತದೆ, ಅದೊಂದು ಲಾಭ.

ಇವರ ಮನೆ ಕಡೆಯಿಂದ ಒಂದೇ ಶರತ್ತು. ಮಾವ ಆಳಂದ ಕಡೆಯವರು, ಹೊಲ ಎತ್ತು ಎಲ್ಲ ಇನ್ನೂ ಇದೆ. “ಎಲ್ಲಿಗಿ ಬೇಕಾದ್ರ ಹೋಗ್ರಿ, ಕಾರಹುಣ್ಣಿಮಿ ಸಂಜಿಗಿ ಕರಿ ಹರಿಯೋ ಹೊತ್ತಿಗಿ ಮನ್ಯಾಗ ಇರ್ರಿ.” ಕಾರಹುಣ್ಣಿಮೆ ಜೂನ್ 29, ಸೋಮವಾರ. ನಮ್ಮ ಪ್ರಯಾಣದ ಕೊನೆಯ ಗಡಿ ಅಲ್ಲಿಗೆ ನಿಂತಿತು.

ಫೆಬ್ರವರಿ

ಊರು ಆರಿಸುವ ಕೆಲಸ. ನಮ್ಮ ಪರಿಚಯದವರೆಲ್ಲ ಹೋಗಿಬಂದದ್ದು ಪ್ಯಾಕೇಜ್ ಟೂರಿನಲ್ಲಿ. ಫೋಟೋ ನೋಡಿದರೆ ಪ್ರತಿ ದಿನ ಬೇರೆ ದೇಶ, ಪ್ರತಿ ಫೋಟೋದಲ್ಲೂ ಬಸ್ಸು. ನಮಗೆ ಅದು ಬೇಡವಾಗಿತ್ತು. ಪ್ಯಾಕೇಜ್ ಕೊಂಡರೆ ಮೇಲೆ ಟಿಸಿಎಸ್ (ಮಾರುವವರೇ ಮುಂಗಡ ವಸೂಲು ಮಾಡುವ ಆದಾಯ ತೆರಿಗೆ) ಬೇರೆ ಹಿಡಿಯುತ್ತಾರೆ. ರಿಟರ್ನ್ಸ್ ಹಾಕುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಕೊಂಡಂತೆಯೇ. ಒಂದು ದೊಡ್ಡ ಊರು, ಒಂದು ಬೆಟ್ಟದ ಹಳ್ಳಿ, ವಾಪಸಾಗುವ ದಾರಿಯಲ್ಲಿ ಒಂದು ಸಣ್ಣ ಊರು. ಇಷ್ಟೇ ಎಂದು ತೀರ್ಮಾನಿಸಿದೆವು.

ಪ್ಯಾರಿಸ್ ದಿನಾಂಕ ತಾನಾಗಿಯೇ ನಿಂತಿತು. ಜೂನ್ 21ಕ್ಕೆ ಅಲ್ಲಿ ಫೆತ್ ದ ಲಾ ಮ್ಯೂಸಿಕ್, ಸಂಗೀತದ ಹಬ್ಬ. 1982ರಿಂದ ಪ್ರತಿ ವರ್ಷ ನಡೆಯುತ್ತದೆ. ಅವತ್ತು ಬೀದಿ ಬೀದಿಯಲ್ಲಿ ಯಾರು ಬೇಕಾದರೂ ನಿಂತು ಹಾಡಬಹುದು, ಬಾರಿಸಬಹುದು, ಕೇಳುವವರಿಗೆ ಟಿಕೆಟ್ ಇಲ್ಲ. ಆ ದಿನಗಳಲ್ಲಿ ಹೊತ್ತು ಮುಳುಗುವಾಗ ರಾತ್ರಿ ಹತ್ತರ ಹತ್ತಿರವಾಗಿರುತ್ತದೆ. ಈ ಸಲ 21 ಭಾನುವಾರ. 18ಕ್ಕೆ ಇಳಿದು 22ರ ಸೋಮವಾರ ಬೆಳಿಗ್ಗೆ ಬಿಟ್ಟರೆ ಇನ್ನೊಂದು ಅನುಕೂಲ: ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಓರ್ಸೆ ಮ್ಯೂಸಿಯಂಗೆ ಸೋಮವಾರ ರಜೆ, ಎರಡೂ ನಮಗೆ ಅಡ್ಡ ಬರುವುದಿಲ್ಲ. ನೊತ್ರ್ ದಾಮ್ ಚರ್ಚು 2019ರಲ್ಲಿ ಬೆಂಕಿಗೆ ಸಿಕ್ಕು 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದೆ, ಅದನ್ನೂ ಪಟ್ಟಿಗೆ ಸೇರಿಸಿದೆ. ಐಫೆಲ್ ಟವರ್ ಹತ್ತುವುದೋ ಬೇಡವೋ ಎಂಬ ವಾದ ನಮ್ಮಲ್ಲಿ ಇನ್ನೂ ನಡೆದಿದೆ. ಹತ್ತಿದರೆ ಟವರ್ ಕಾಣುವುದಿಲ್ಲವಲ್ಲ ಎಂಬುದು ನನ್ನ ವಾದ.

ವೀಸಾ ಯಾವ ದೇಶದ್ದು ಎಂಬುದನ್ನೂ ಇದೇ ಹೊತ್ತಿಗೆ ಬಗೆಹರಿಸಬೇಕಾಯಿತು. ಯುರೋಪಿನ ಹಲವು ದೇಶಗಳಿಗೆ ಸೇರಿ ಷೆಂಗನ್ ವೀಸಾ ಒಂದೇ ಆದರೂ, ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಎರಡು ಕಡೆ ಸಮ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಇವರು ಬರೆದ ಮೊದಲ ಪಟ್ಟಿಯಲ್ಲಿ ಪ್ಯಾರಿಸ್ ಐದು ರಾತ್ರಿ, ಸ್ವಿಟ್ಜರ್ಲೆಂಡ್ ಐದು ರಾತ್ರಿ ಇತ್ತು. ಯಾವ ದೇಶ ಎಂಬ ಗೊಂದಲವೇ ಬೇಡ ಎಂದು ನಾಲ್ಕು ಮತ್ತು ಆರು ಮಾಡಿದೆ. ಸ್ವಿಸ್ ವೀಸಾ.

ಬೆಟ್ಟದ ಊರು

ಎಲ್ಲರೂ ಇಂಟರ್‌ಲಾಕೆನ್ ಎನ್ನುತ್ತಾರೆ. ಅದು ಎರಡು ಕೆರೆಗಳ ನಡುವಿನ ಬಯಲು ಊರು, ಬೆಟ್ಟ ನೋಡಲು ದಿನವೂ ರೈಲು ಹತ್ತಬೇಕು. ಬೆಟ್ಟದ ಮೇಲೇ ಮಲಗಬೇಕು ಎಂಬುದು ನಮ್ಮ ಆಸೆ. ಲೌಟರ್‌ಬ್ರುನೆನ್ ಕಣಿವೆಯನ್ನು 72 ಜಲಪಾತಗಳ ಕಣಿವೆ ಎನ್ನುತ್ತಾರೆ. ಅದರ ಒಂದು ದಂಡೆಯ ಮೇಲೆ ವೆಂಗೆನ್, 1,274 ಮೀಟರ್ ಎತ್ತರ. ಎದುರು ದಂಡೆಯ ಮೇಲೆ ಮ್ಯೂರೆನ್, 1,638 ಮೀಟರ್. ಎರಡೂ ಕಡೆ ಪ್ರವಾಸಿಗರ ಕಾರಿಗೆ ದಾರಿ ಇಲ್ಲ. ವೆಂಗೆನ್‌ಗೆ ಹಳಿಯ ಹಲ್ಲು ಹಿಡಿದು ಬೆಟ್ಟ ಏರುವ ರೈಲೇ ಗತಿ, ಲೌಟರ್‌ಬ್ರುನೆನ್‌ನಿಂದ ಕಾಲು ಗಂಟೆಯೊಳಗೆ ಮೇಲೆ ಬಿಡುತ್ತದೆ. ಮ್ಯೂರೆನ್ ಇನ್ನೂ ಶಾಂತ, ಆದರೆ ರೈಲಿಗೆ ವೆಂಗೆನ್ನೇ ಸಲೀಸು ಎಂದು ಅಲ್ಲೇ ಅಡುಗೆಮನೆ ಇರುವ ಸಣ್ಣ ಅಪಾರ್ಟ್‌ಮೆಂಟ್ ಹಿಡಿದೆವು. ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುವ ಬುಕಿಂಗ್ ಮಾತ್ರ ಮಾಡಿದ್ದೇವೆ, ಪ್ಯಾರಿಸ್ ಹೋಟೆಲ್ ಸಹ ಹಾಗೆಯೇ.

ಪ್ಯಾರಿಸ್‌ನಿಂದ ವೆಂಗೆನ್ ಒಂದೇ ದಿನದ ದಾರಿ. ಗಾರ್ ದ ಲಿಯೊಂ ಸ್ಟೇಷನ್‌ನಿಂದ ಟಿಜಿವಿ ಲಿರಿಯಾ ರೈಲಿನಲ್ಲಿ ಬಾಸೆಲ್‌ಗೆ ಸುಮಾರು ಮೂರು ಗಂಟೆ. ಇದಕ್ಕೆ ಸೀಟು ರಿಸರ್ವೇಷನ್ ಕಡ್ಡಾಯ, ಬೇಗ ಕೊಂಡಷ್ಟೂ ಅಗ್ಗ. ಬಾಸೆಲ್‌ನಿಂದ ಇಂಟರ್‌ಲಾಕೆನ್ ಓಸ್ಟ್ ಎರಡು ಗಂಟೆ, ಅಲ್ಲಿಂದ ಲೌಟರ್‌ಬ್ರುನೆನ್ 20 ನಿಮಿಷ, ಆಮೇಲೆ ವೆಂಗೆನ್. ಪ್ರತಿ ಬದಲಾವಣೆಗೂ ಕೆಲವೇ ನಿಮಿಷ ಸಿಗುತ್ತದೆ, ನಮ್ಮ ವಾಡಿ ಜಂಕ್ಷನ್‌ನಲ್ಲಿ ಚಹಾ ಕುಡಿದು ಬಂದು ಹತ್ತುವಂತಲ್ಲ. ಆದ್ದರಿಂದ ತಲೆಗೆ ಒಂದೇ ಬ್ಯಾಗು. ಮದುವೆಯ ಸೀರೆಯಲ್ಲಿ ಐಫೆಲ್ ಟವರ್ ಮುಂದೆ ಫೋಟೋ ಬೇಕೇ ಬೇಕು ಎನ್ನುವ ನಾದಿನಿಗೆ ಇದು ಹಿಡಿಸಿಲ್ಲ.

ಯುಂಗ್‌ಫ್ರೌಯೋಹ್ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಒಮ್ಮತ ಆಗಿರಲಿಲ್ಲ. 3,454 ಮೀಟರ್ ಎತ್ತರದಲ್ಲಿರುವ, ಯುರೋಪಿನ ಅತಿ ಎತ್ತರದ ರೈಲು ನಿಲ್ದಾಣ ಅದು. ಐಗರ್, ಮೊಂಕ್ ಬೆಟ್ಟಗಳ ಹೊಟ್ಟೆ ಕೊರೆದು 1912ರಲ್ಲಿ ಮುಗಿಸಿದ ಸುರಂಗ. ಸಿವಿಲ್ ಎಂಜಿನಿಯರ್ ಆದ ಇವರಿಗೆ ಹಿಮಕ್ಕಿಂತ ಆ ಸುರಂಗದ ಹುಚ್ಚೇ ಹೆಚ್ಚು. ಬೇಸಿಗೆಯಲ್ಲಿ ಹೋಗಿಬರುವ ಪೂರ್ತಿ ಟಿಕೆಟ್ ತಲೆಗೆ 200 ಫ್ರಾಂಕ್ ದಾಟುತ್ತದೆ. ಮೇಲೆ ಮೋಡ ಕವಿದರೆ ಬಿಳಿ ಗೋಡೆ ನೋಡಿ ಬರಬೇಕು. ನನಗೆ ಬೇಕಾದದ್ದು ಮೆನ್ಲಿಷನ್‌ನಿಂದ ಕ್ಲೈನ್ ಶೈಡೆಗ್‌ವರೆಗಿನ ಕಾಲುಹಾದಿ. ವೆಂಗೆನ್ ಊರೊಳಗಿಂದಲೇ ಕೇಬಲ್ ಕಾರಿನಲ್ಲಿ ಮೇಲೇರಿದರೆ ಸುಮಾರು ನಾಲ್ಕೂವರೆ ಕಿಲೋಮೀಟರ್, ಒಂದೂವರೆ ಗಂಟೆಯ ನಡಿಗೆ, ಕಣ್ಣೆದುರಿಗೇ ಐಗರ್, ಏರು ಹೆಚ್ಚೇನೂ ಇಲ್ಲ.

ಕೊನೆಗೆ ಹೀಗೆ ಬಿಟ್ಟಿದ್ದೇವೆ. ಯುಂಗ್‌ಫ್ರೌಯೋಹ್ ಟಿಕೆಟ್ ಮುಂಚೆ ಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಲೈವ್ ಕ್ಯಾಮೆರಾ ನೋಡುವುದು, ಮೇಲೆ ತಿಳಿಯಾಗಿದ್ದರೆ ಹೊರಡುವುದು, ಇಲ್ಲದಿದ್ದರೆ ಕಣಿವೆಯ ಜಲಪಾತ ನೋಡುವುದು. ರೈಲಿನ ಪಾಸು ಯಾವುದು ಎಂಬುದೂ ಇದರ ಮೇಲೇ ನಿಂತಿತು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಬಸ್ಸು, ದೋಣಿ ಎಲ್ಲ ಅದರಲ್ಲೇ ಬರುತ್ತದೆ, ರಿಗಿ ಬೆಟ್ಟವೂ ಸೇರಿ. ಆದರೆ ಯುಂಗ್‌ಫ್ರೌಯೋಹ್‌ಗೆ ಕಾಲು ಭಾಗ ಮಾತ್ರ ರಿಯಾಯಿತಿ. ಹಾಫ್ ಫೇರ್ ಕಾರ್ಡ್‌ನಲ್ಲಿ ಯಾವುದೂ ಪುಕ್ಕಟೆ ಇಲ್ಲ, ಹೆಚ್ಚುಕಡಿಮೆ ಎಲ್ಲದಕ್ಕೂ ಅರ್ಧ ದರ. ಒಂದೇ ಹಳ್ಳಿಯಲ್ಲಿ ನಾಲ್ಕು ರಾತ್ರಿ ಕೂರುವ, ದುಬಾರಿ ಬೆಟ್ಟ ಒಂದನ್ನು ಹತ್ತುವ ನಮ್ಮಂಥವರಿಗೆ ಹಾಫ್ ಫೇರ್ ಗಿಟ್ಟುತ್ತದೆ. ದಿನಕ್ಕೊಂದು ಊರು ಸುತ್ತುವವರು ಪಾಸ್ ಕೊಳ್ಳಲಿ.

26ಕ್ಕೆ ಲೂಸರ್ನ್, ಎರಡು ರಾತ್ರಿ. ದೋಣಿಯಲ್ಲಿ ವಿಟ್ಸ್‌ನೌವರೆಗೆ ಹೋಗಿ, 1871ರಲ್ಲಿ ಶುರುವಾದ ಯುರೋಪಿನ ಮೊದಲ ಬೆಟ್ಟದ ರೈಲಿನಲ್ಲಿ ರಿಗಿ ಹತ್ತುವುದು. 28 ಭಾನುವಾರ, ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಮನೆಮಂದಿಗೆ ಚಾಕೊಲೇಟ್ ಕೊಳ್ಳುವುದು ಶನಿವಾರವೇ ಆಗಬೇಕು, ತಪ್ಪಿದರೆ ಸ್ಟೇಷನ್ ಅಂಗಡಿ. 28ಕ್ಕೆ ಜ್ಯೂರಿಕ್‌ನಿಂದ ವಿಮಾನ, 29ರ ಬೆಳಿಗ್ಗೆ ಹೈದರಾಬಾದ್, ಸಂಜೆಯೊಳಗೆ ಆಳಂದ.

ಮಾರ್ಚ್: ಕಾಗದಪತ್ರ

ಅರ್ಜಿಯನ್ನು ಮದುವೆಗೆ ಮುಂಚೆ ಹಾಕುವುದೋ ಆಮೇಲೋ? ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯುತ್ತದೆ. ಮದುವೆ ಮುಗಿಸಿ, ರಿಜಿಸ್ಟ್ರೇಷನ್ ಮಾಡಿಸಿ, ಸರ್ಟಿಫಿಕೇಟ್ ಹಿಡಿದು ಹಾಕುವಷ್ಟರಲ್ಲಿ ಮೇ ಬಂದಿರುತ್ತದೆ. ಹಾಗಾಗಿ ಇಬ್ಬರೂ ಅವರವರ ಹೆಸರಲ್ಲಿ, ಅವರವರ ಸಂಬಳದ ಮೇಲೆ ಈಗಲೇ ಹಾಕಿದೆವು. ಜೊತೆಗೆ ಲಗ್ನಪತ್ರಿಕೆ, ಒಂದು ಪುಟದ ಇಂಗ್ಲಿಷ್ ವಿವರಣೆ. “ಪಾಸ್‌ಪೋರ್ಟಿನಾಗ ಗಂಡನ ಹೆಸ್ರು ಬ್ಯಾಡೇನು?” ಎಂದು ದೊಡ್ಡವ್ವ ಕೇಳಿದಳು. ಬೇಡ. ವೀಸಾ ಅಂಟುವುದು ಈ ಪಾಸ್‌ಪೋರ್ಟಿಗೆ. ನಡುವೆ ಹೊಸದು ಮಾಡಿಸಿದರೆ ಇಲ್ಲದ ರಗಳೆ.

ಇನ್ನೊಂದು ಕಾರಣ ಮದರಂಗಿ. ಹತ್ತೂ ಬೆರಳಿನ ಗುರುತು ಕೊಡಬೇಕು. ಬೆರಳ ತುದಿವರೆಗೆ ಮದರಂಗಿ ಹಚ್ಚಿಕೊಂಡು ಹೋದರೆ ಸ್ಕ್ಯಾನರ್ ತಕರಾರು ಮಾಡಬಹುದು.

ಜಗತ್ ಸರ್ಕಲ್ ಹತ್ತಿರದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. 35 ಮಿಲಿಮೀಟರ್ ಅಗಲ, 45 ಎತ್ತರ, ಚೌಕಟ್ಟಿನ ಮುಕ್ಕಾಲು ಭಾಗ ಮುಖವೇ ಇರಬೇಕು. ಸ್ಟುಡಿಯೋದ ಅಣ್ಣ ಅಭ್ಯಾಸಬಲದಿಂದ ನನ್ನ ಗಲ್ಲ ನುಣ್ಣಗೆ ಮಾಡಿ, ಕಣ್ಣ ಕೆಳಗಿನ ಕಪ್ಪು ಒರೆಸಿ, ಇವರನ್ನು ಎರಡು ಛಾಯೆ ಬೆಳ್ಳಗೆ ಮಾಡಿಟ್ಟಿದ್ದ. “ಅಣ್ಣಾ, ಇದ್ದಂಗೇ ಇರ್ಲಿ, ಗಡಿಯಾಗ ನಿಲ್ಸಿ ಮುಖ ನೋಡ್ತಾರ” ಎಂದೆ. “ಮದಿವಿಗಿ ಬ್ಯಾರೆ ಇಟ್ಕೋರಿ” ಎಂದು ಆ ಸುಂದರಿಯ ಪ್ರತಿಯನ್ನೂ ಪುಕ್ಕಟೆ ಕೊಟ್ಟ.

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಮ್ಮೆಲೇ ದೊಡ್ಡ ಮೊತ್ತ ಬಿದ್ದರೆ ಅನುಮಾನಕ್ಕೆ ದಾರಿ. ಅಪ್ಪ ಪಾಟ್ಲಿಯ ದುಡ್ಡು ಹಾಕಿದಾಗ ಅವರ ಸಹಿಯ ಪತ್ರ, ಅವರ ಖಾತೆಯ ವಿವರ ಎರಡನ್ನೂ ಲಗತ್ತಿಸಿದೆ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು, ಷೆಂಗನ್ ದೇಶಗಳಿಗೆಲ್ಲ ಅನ್ವಯಿಸುವಂಥದ್ದು. ವೀಸಾ ಶುಲ್ಕ ತಲೆಗೆ 90 ಯೂರೋ, ಮೇಲೆ ವೀಸಾ ಅರ್ಜಿ ಕೇಂದ್ರದ ಸೇವಾ ಶುಲ್ಕ. ವಿಮಾನದ್ದು ರಿಸರ್ವೇಷನ್ ಮಾತ್ರ ಇಟ್ಟಿದ್ದೇವೆ, ದುಡ್ಡು ಕಟ್ಟಿಲ್ಲ.

ಹೆಚ್ಚು ಕಾಡಿಸಿದ್ದು ಇವರ ಎನ್‌ಒಸಿ. ಸರ್ಕಾರಿ ನೌಕರರಿಗೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಬೇಕು. ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ತೆಗೆದುಕೊಂಡ ಹೊತ್ತಿನಲ್ಲಿ ನಾವು ಪ್ಯಾರಿಸ್‌ಗೆ ಹೋಗಿಬರಬಹುದಿತ್ತು. ಅದು ಕೈಗೆ ಬಂದ ಸಂಜೆಯೇ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ತೆಗೆಸಿ, ಬೆಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಬಂದೆವು. ಕೇಳಿದ್ದು ಎರಡೇ ಪ್ರಶ್ನೆ, ಅದರಲ್ಲಿ ಒಂದು ಫೋನ್ ನಂಬರ್.

ಏಪ್ರಿಲ್: ಊಟದ ಮಾತು

ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ. ಮನೆಯಲ್ಲಿ ಅದರ ಚಿಂತೆ ಯಾರಿಗೂ ಇಲ್ಲ, ಎಲ್ಲರ ಚಿಂತೆ ಊಟದ್ದು. ಅತ್ತಿ ಫೋನ್ ಮಾಡಿದಾಗಲೆಲ್ಲ, “ಅಲ್ಲಿ ಉಣ್ಲಾಕ ಏನ್ ಸಿಗ್ತದವ್ವ?”

ಪ್ಯಾರಿಸ್ ಸುಲಭ. ಗಾರ್ ದ್ಯು ನೋರ್ ಸ್ಟೇಷನ್ ಪಕ್ಕದ ಲಾ ಶಪೆಲ್ ಓಣಿಗಳಲ್ಲಿ ಶ್ರೀಲಂಕಾ ತಮಿಳರ ಹೋಟೆಲುಗಳಿವೆ, ದೋಸೆ ಸಿಗುತ್ತದೆ. ಬೆಟ್ಟದ ಮೇಲೆ ನಾವೇ ಬೇಯಿಸಿಕೊಳ್ಳಬೇಕು. ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಂಡಿಪಲ್ಯ ಬಿಟ್ಟು ಬದುಕುವ ಅಭ್ಯಾಸ ನಮಗಿಲ್ಲ; ಒಣ ಹಿಂಡಿ, ರೊಟ್ಟಿಗೆ ತೊಂದರೆ ಇಲ್ಲ. ಆದರೆ ಹೊರಗಿನವರು ಹಾಲಿನ ಪದಾರ್ಥ, ಮಾಂಸ ಯುರೋಪಿನೊಳಗೆ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಪೇಢಾ ಎರಡೂ ಬ್ಯಾಗಿನಿಂದ ಹೊರಬಿದ್ದವು. ಹಸಿ ಕರಿಬೇವೂ ಬೇಡ, ಸಸ್ಯ ತಪಾಸಣೆಯ ಸರ್ಟಿಫಿಕೇಟ್ ಕೇಳುತ್ತಾರೆ. ತುಪ್ಪ ಇಲ್ಲದೆ ಬ್ಯಾಳಿ ಹೇಗೆ ಎಂದರೆ, ಬೆಣ್ಣೆಯ ದೇಶಕ್ಕೇ ಹೋಗುತ್ತಿದ್ದೇವಲ್ಲ ಅತ್ತಿ, ಅಲ್ಲೇ ಕಾಯಿಸೋಣ ಎಂದೆ.

ತೊಗರಿಬ್ಯಾಳಿ ನಮ್ಮೂರಿನದೇ ಬರುತ್ತದೆ. ಒಂದು ಸಮಸ್ಯೆ: ವೆಂಗೆನ್ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ, ತೆರೆದ ಪಾತ್ರೆಯಲ್ಲಿ ಬ್ಯಾಳಿ ಬೇಯಲು ಹೊತ್ತು ಹಿಡಿಯುತ್ತದೆ. ಅಲ್ಲಿನ ಅಪಾರ್ಟ್‌ಮೆಂಟಿನ ಯಜಮಾನಿಗೆ ಮೇಲ್ ಹಾಕಿ ಕುಕ್ಕರ್ ಇದೆಯಾ ಎಂದು ಕೇಳಿದೆ. ಇಂಡಕ್ಷನ್ ಒಲೆ ಇದೆ, ಕುಕ್ಕರ್ ಇಲ್ಲ ಎಂದು ಉತ್ತರ ಬಂತು. ಸೂಪರ್ ಮಾರ್ಕೆಟ್ ಓಣಿಯಲ್ಲಿ ಇಂಡಕ್ಷನ್‌ಗೆ ಆಗುವ ಸಣ್ಣ ಸ್ಟೀಲ್ ಕುಕ್ಕರ್ ನೋಡಿಟ್ಟಿದ್ದೇನೆ. ಇವರು ಬ್ಯಾಳಿ ರಾತ್ರಿಯೇ ನೆನೆಹಾಕಿದರೆ ಸಾಕು ಅನ್ನುತ್ತಾರೆ. ಮನೆಯಲ್ಲೇ ನೆನೆಹಾಕಿ, ತೆರೆದ ಪಾತ್ರೆಯಲ್ಲಿ ಬೇಯಿಸಿ ಹೊತ್ತು ನೋಡಬೇಕು, ಆಮೇಲೆ ಕೊಳ್ಳುವ ಮಾತು.

ಉಳಿದ ಕೆಲಸ: ಸ್ವಿಸ್ ಗೋಡೆಯ ಮೂರು ತೂತಿನ ಸಾಕೆಟ್‌ಗೆ ಆಗುವ ಪ್ಲಗ್ (ಫ್ರಾನ್ಸಿನದು ಬೇರೆ, ದಪ್ಪ ಅಡಾಪ್ಟರ್ ಸ್ವಿಸ್ ಕುಳಿಯೊಳಗೆ ಕೂರುವುದಿಲ್ಲ), ತೆಳ್ಳನೆ ಮಳೆ ಜಾಕೆಟ್, ನನ್ನ ಶೂ. ಶೂ ಈಗಲೇ ಕೊಂಡು ಮದುವೆ ಓಡಾಟದಲ್ಲೇ ಪಳಗಿಸಬೇಕು. ಪಾಸ್‌ಪೋರ್ಟ್ ಕೈಗೆ ಬಂದ ದಿನ ವಿಮಾನದ ಟಿಕೆಟ್, ಅದೇ ದಿನ ಟಿಜಿವಿ.