ಸಿಂಕ್ಲೇರ್ ಮನೆತನದ ನಡುವೆ ಒಬ್ಬ ಪಾಟೀಲ

ಪಿಯುಸಿ ಓದುತ್ತಿರುವ ಅಕ್ಕನ ಮಗಳು ಕಳೆದ ಬೇಸಿಗೆ ರಜೆಯಲ್ಲಿ ಒಂದು ಇಂಗ್ಲಿಷ್ ಕಾದಂಬರಿಯನ್ನು ನನ್ನ ಕೈಗಿಟ್ಟು, "ಮೌಶಿ, ಇದರಾಗ ನಮ್ಮ ಕಡೆಯಾಂವ ಒಬ್ಬ ಅದಾನ ನೋಡು, ಪಾಟೀಲ" ಎಂದಳು. ನನ್ನ ಅವ್ವನ ತವರು ವಿಜಯಪುರ ಜಿಲ್ಲೆಯ ಒಂದು ಪಾಟೀಲರ ವಾಡೆ. ಹದಿಹರೆಯದವರಿಗೆಂದು ಬರೆದ, ಅಮೆರಿಕದ ಸಿರಿವಂತರ ಮನೆಯ ಪ್ರೇಮ ಮತ್ತು ಗುಟ್ಟುಗಳ ಕಥೆಯಲ್ಲಿ ಪಾಟೀಲನಿಗೆ ಏನು ಕೆಲಸ ಎಂಬ ಕುತೂಹಲದಿಂದ ತೆರೆದ ಪುಸ್ತಕವನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಇ. ಲಾಕ್‌ಹಾರ್ಟ್ ಎಂಬ ಹೆಸರಿನಲ್ಲಿ ಬರೆಯುವ ಎಮಿಲಿ ಜೆಂಕಿನ್ಸ್ ಅವರ 'ವಿ ವರ್ ಲಯರ್ಸ್' 2014ರಲ್ಲಿ ಪ್ರಕಟವಾದದ್ದು. ಅದೇ ಮನೆತನದ ಹಿಂದಿನ ತಲೆಮಾರಿನ ಕಥೆಯನ್ನು ಲೇಖಕಿ 2022ರಲ್ಲಿ ಬರೆದರು. 2025ರ ಜೂನ್ ತಿಂಗಳಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ 'ವಿ ವರ್ ಲಯರ್ಸ್' ಧಾರಾವಾಹಿಯಾಗಿಯೂ ಬಂತು. ಕಾದಂಬರಿಯ ಕೊನೆಯಲ್ಲಿ ಬಿಚ್ಚಿಕೊಳ್ಳುವ ಗುಟ್ಟನ್ನು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಹೇಳದೆಯೂ ಮಾತನಾಡಬೇಕಾದದ್ದು ಸಾಕಷ್ಟಿದೆ, ಏಕೆಂದರೆ ಆ ಮನೆಯ ದೊಡ್ಡ ಗುಟ್ಟು ಮೊದಲ ಪುಟಗಳಿಂದಲೇ ಎಲ್ಲರ ಕಣ್ಣೆದುರಿಗಿದೆ ಎಂಬುದು ನನ್ನ ಅಭಿಪ್ರಾಯ.

ಮ್ಯಾಸಚೂಸೆಟ್ಸ್ ಕರಾವಳಿಯಾಚೆ, ಮಾರ್ಥಾಸ್ ವಿನ್‌ಯಾರ್ಡ್‌ಗೆ ಸಮೀಪದಲ್ಲಿ, ಸಿಂಕ್ಲೇರ್ ಕುಟುಂಬಕ್ಕೆ ಸ್ವಂತದ್ದೊಂದು ದ್ವೀಪವಿದೆ. ಲೇಖಕಿಯ ಕಲ್ಪನೆಯ ಆ ದ್ವೀಪದ ಹೆಸರು ಬೀಚ್‌ವುಡ್. ಯಜಮಾನ ಹ್ಯಾರಿಸ್ ಸಿಂಕ್ಲೇರ್‌ಗೆ ಕ್ಯಾರಿ, ಪೆನಿ, ಬೆಸ್ ಎಂಬ ಮೂವರು ಹೆಣ್ಣುಮಕ್ಕಳು. ತಾನು ವಾಸಿಸುವ ದೊಡ್ಡ ಮನೆಯ ಸುತ್ತ ಅವನು ಮೂವರಿಗೂ ಒಂದೊಂದು ಮನೆ ಕಟ್ಟಿಸಿದ್ದಾನೆ, ಮತ್ತು ಪ್ರತಿ ಬೇಸಿಗೆಯಲ್ಲಿ ಮಕ್ಕಳು ಮೊಮ್ಮಕ್ಕಳೆಲ್ಲ ಅಲ್ಲಿ ಸೇರುತ್ತಾರೆ. ಕಥೆ ಹೇಳುವವಳು ಪೆನಿಯ ಮಗಳು ಕೇಡೆನ್ಸ್, ಮೊಮ್ಮಕ್ಕಳಲ್ಲಿ ಹಿರಿಯಳು. ಹದಿನೈದನೆಯ ವಯಸ್ಸಿನ ಬೇಸಿಗೆಯಲ್ಲಿ ಅವಳಿಗೆ ಏನೋ ಅವಘಡವಾಗಿದೆ. ಸಮುದ್ರದ ದಂಡೆಯಲ್ಲಿ ಅವಳು ಸಿಕ್ಕಳು ಎಂಬುದನ್ನು ಬಿಟ್ಟರೆ ಅವಳಿಗೆ ಏನೂ ನೆನಪಿಲ್ಲ, ತಲೆಶೂಲೆ ಮಾತ್ರ ಉಳಿದಿದೆ. ಎರಡು ವರ್ಷಗಳ ನಂತರ ದ್ವೀಪಕ್ಕೆ ಮರಳುವ ಅವಳು, ಆ ಬೇಸಿಗೆಯಲ್ಲಿ ನಡೆದದ್ದೇನು ಎಂದು ಕೇಳುತ್ತಾಳೆ. ಯಾರೂ ಹೇಳುವುದಿಲ್ಲ. ಹಿಂದೆ ಹಲವು ಸಲ ಹೇಳಿದ್ದೇನೆ, ನೀನು ಮರೆತಿದ್ದೀಯೆ, ನಿನಗೇ ನೆನಪಾಗಲಿ ಎಂದಿದ್ದಾರೆ ವೈದ್ಯರು ಎಂದು ತಾಯಿ ಪೆನಿ ಜಾರಿಕೊಳ್ಳುತ್ತಾಳೆ.

ಕೇಡೆನ್ಸ್ ಪ್ರೀತಿಸುವ ಹುಡುಗನೇ ನಮ್ಮ ಪಾಟೀಲ: ಗ್ಯಾಟ್. ದೊಡ್ಡಮ್ಮ ಕ್ಯಾರಿಯ ಸಂಗಾತಿಯಾದ, ಭಾರತೀಯ ಮೂಲದ ಎಡ್ ಎಂಬಾತನ ಸಂಬಂಧದ ಹುಡುಗನಾದ ಗ್ಯಾಟ್, ಮಕ್ಕಳಿಗೆ ಎಂಟು ವರ್ಷವಾಗಿದ್ದ ಬೇಸಿಗೆಯಲ್ಲಿ ಮೊದಲ ಸಲ ದ್ವೀಪಕ್ಕೆ ಬರುತ್ತಾನೆ, ಆಮೇಲೆ ಪ್ರತಿ ಬೇಸಿಗೆಯೂ ಬರುತ್ತಾನೆ. ಊಟಕ್ಕೆ ಕೂಡಿಸುತ್ತಾರೆ, ದೋಣಿಯಲ್ಲಿ ಕರೆದೊಯ್ಯುತ್ತಾರೆ, ಯಾರೂ ಒಂದು ಕೆಟ್ಟ ಮಾತಾಡುವುದಿಲ್ಲ. ಆದರೆ ಅಜ್ಜ ತನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ, 'ಯಂಗ್ ಮ್ಯಾನ್' ಎಂದಷ್ಟೇ ಕರೆಯುತ್ತಾನೆ ಎಂಬುದನ್ನು ಆ ಹುಡುಗ ಗಮನಿಸಿದ್ದಾನೆ. ಅವನು ಹೇಳುವವರೆಗೂ ಕೇಡೆನ್ಸ್ ಅದನ್ನು ಗಮನಿಸಿರಲೇ ಇಲ್ಲ. ಇಡೀ ಕಾದಂಬರಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇದೊಂದು ಸಣ್ಣ ಸಂಗತಿ. ಬೈದರೆ ಬೈದದ್ದಕ್ಕೆ ಸಾಕ್ಷಿಯಿರುತ್ತದೆ, ಹೆಸರು ಹಿಡಿಯದೆ ಇದ್ದುದಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ನಮ್ಮ ಭಾಗದ ಓದುಗರಿಗೆ ಇಲ್ಲಿ ಇನ್ನೊಂದು ವಿಚಿತ್ರವೂ ಕಾಣುತ್ತದೆ. ಹಳೆಯ ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ಪಾಟೀಲನೆಂದರೆ ಊರಿನ ಗೌಡ, ಕುಲಕರ್ಣಿಯೆಂದರೆ ಲೆಕ್ಕ ಬರೆಯುವವನು. ಪಾಟೀಲಕಿ ವಂಶಪಾರಂಪರ್ಯವಾಗಿ ಬರುತ್ತಿತ್ತು, ಅದರ ಜೊತೆಗೆ ಆ ಹುದ್ದೆಗೆಂದು ಬಿಟ್ಟ ವತನದ ಹೊಲವೂ ಬರುತ್ತಿತ್ತು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯಿದೆ ಆ ಅಧಿಕಾರವನ್ನು ತೆಗೆದುಹಾಕಿತು, 1974ರ ಭೂಸುಧಾರಣೆ ಗೇಣಿಗೆ ಕೊಟ್ಟ ಹೊಲಗಳನ್ನು ಉಳುವವರಿಗೆ ಬಿಡಿಸಿಕೊಟ್ಟಿತು. ಆದರೆ ಅಡ್ಡಹೆಸರನ್ನು ಯಾವ ಕಾಯಿದೆಯೂ ಮುಟ್ಟಲಿಲ್ಲ. ವಾಡೆಯ ಪಡಸಾಲೆಯಲ್ಲಿ ಕೂತು ಬಂದವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತನಾಡಿಸುತ್ತಿದ್ದವರ ಹೆಸರು ಅದು. ಕೂಲಿಯವನು ಎಪ್ಪತ್ತರ ಮುದುಕನಾದರೂ ಅವನನ್ನು 'ಏ ತಮ್ಮಾ' ಎಂದೇ ಕರೆಯುತ್ತಿದ್ದ ನಮ್ಮ ಅಜ್ಜನಿಗೂ ಹ್ಯಾರಿಸ್ ಸಿಂಕ್ಲೇರ್‌ಗೂ ಇದ್ದ ಅಂತರ ಬಹಳವೇನಲ್ಲ. ಅಂಥ ಹೆಸರನ್ನು ಹೊತ್ತ ಹುಡುಗ ಅಟ್ಲಾಂಟಿಕ್ ಸಾಗರದ ಒಂದು ದ್ವೀಪದಲ್ಲಿ ಹೊಸ್ತಿಲ ಹೊರಗಿನವನಾಗಿ ನಿಲ್ಲುವುದನ್ನು ಓದುವಾಗ ನನಗೆ ಸಂಕಟವೂ ಆಯಿತು, ಸ್ವಲ್ಪ ನಗುವೂ ಬಂತು. ಗ್ಯಾಟ್‌ನ ಪಾಟೀಲತನ ಬೆಳಗಾವಿಯದ್ದೋ ಕೊಲ್ಹಾಪುರದ್ದೋ ಎಂಬುದು ಆ ಕಥೆಗೆ ಬೇಕಾಗಿಲ್ಲ. ಬೇಕಾಗಿದ್ದದ್ದು ಅವನ ಮೈಬಣ್ಣ ಮಾತ್ರ.

ಈಗ ಆ ದೊಡ್ಡ ಗುಟ್ಟಿನ ಮಾತು. ಅಜ್ಜಿ ತೀರಿಕೊಂಡ ನಂತರ ಮೂವರು ಅಕ್ಕತಂಗಿಯರು ಮೇಜುಹಾಸು, ದಂತದ ಗೊಂಬೆ, ಕಪ್ಪು ಮುತ್ತಿನ ಸರದಿಂದ ಜಗಳ ಶುರುಮಾಡಿ ಮನೆಗಳವರೆಗೆ ಬರುತ್ತಾರೆ. ಮೂವರ ಮದುವೆಗಳೂ ಮುರಿದಿವೆ, ಮೂವರೂ ತಂದೆಯ ಹಣದ ಆಸರೆಯಲ್ಲಿದ್ದಾರೆ. ಹ್ಯಾರಿಸ್ ಯಾರಿಗೆ ಏನು ಕೊಡುತ್ತೇನೆಂದು ಹೇಳುವುದಿಲ್ಲ, ಕೊಡುವುದಿಲ್ಲವೆಂದೂ ಹೇಳುವುದಿಲ್ಲ. ಒಬ್ಬಳೆದುರು ಇನ್ನೊಬ್ಬಳ ಹೆಸರು ತೆಗೆದು ಸುಮ್ಮನಾಗುತ್ತಾನೆ. ಆಗ ತಾಯಂದಿರು ಮಕ್ಕಳ ಕಿವಿಯೂದುತ್ತಾರೆ: ಅಜ್ಜನ ಹತ್ತಿರ ಹೋಗು, ಈ ಮನೆ ನಿನಗೆಷ್ಟು ಇಷ್ಟವೆಂದು ಹೇಳು. ಮೊಮ್ಮಗಳ ಪ್ರೀತಿ ಆಸ್ತಿಯ ಅರ್ಜಿಯಾಗಿ ಬದಲಾಗುವ ಈ ಭಾಗಗಳು, ಕೇಡೆನ್ಸ್ ಮತ್ತು ಗ್ಯಾಟ್ ಅಟ್ಟದಲ್ಲಿ ಕದ್ದು ಮುತ್ತಿಡುವ ಭಾಗಕ್ಕಿಂತ ಎಷ್ಟೋ ಚೆನ್ನಾಗಿ ಬಂದಿವೆ. ಎಡ್ ಜೊತೆ ಹಲವು ವರ್ಷ ಬದುಕಿದರೂ ಕ್ಯಾರಿ ಅವನನ್ನು ಮದುವೆಯಾಗಿಲ್ಲ. ಅದು ಪ್ರೇಮದ ಕೊರತೆಯಲ್ಲ, ಉಯಿಲಿನ ಭಯ.

ಆ ಭಯದ ಬೇರು ಅಲ್ಲಿನ ಕಾನೂನಿನಲ್ಲಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ತಂದೆಯಾದವನು ಉಯಿಲು ಬರೆದು ಬೆಳೆದ ಮಕ್ಕಳಿಗೆ ಬಿಡಿಗಾಸೂ ಸಿಗದಂತೆ ಮಾಡಬಹುದು. ಲೂಸಿಯಾನಾ ರಾಜ್ಯ ಮಾತ್ರ ಇದಕ್ಕೆ ಹೊರತು, ಅಲ್ಲಿಯೂ ಆ ರಕ್ಷಣೆ ಸಾಮಾನ್ಯವಾಗಿ ಇಪ್ಪತ್ತನಾಲ್ಕು ವಯಸ್ಸಿನೊಳಗಿನ ಮಕ್ಕಳಿಗೆ ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಮಕ್ಕಳಿಗೆ. ಪಿತ್ರಾರ್ಜಿತ ಎಂಬ ಮಾತಿಗೆ ನಮ್ಮಲ್ಲಿರುವ ತೂಕ ಅಲ್ಲಿಲ್ಲ. ಹೀಗಾಗಿ ಮುದುಕನ ಮನಸ್ಸೇ ಆಸ್ತಿಪತ್ರ. ಅವನ ಮುಖ ನೋಡಿಕೊಂಡೇ ಎಲ್ಲರೂ ನಗಬೇಕು. ರಾಜನಿಗೆ ಮೂವರು ಹೆಣ್ಣುಮಕ್ಕಳು ಎಂದು ಆರಂಭವಾಗುವ ಕಥೆಯನ್ನು ಕೇಡೆನ್ಸ್ ಕಾದಂಬರಿಯುದ್ದಕ್ಕೂ ಬೇರೆಬೇರೆ ರೀತಿಯಲ್ಲಿ ಬರೆದು ನೋಡುತ್ತಾಳೆ. ಶೇಕ್ಸ್‌ಪಿಯರ್‌ನ ಲಿಯರ್ ರಾಜ ಹೆಣ್ಣುಮಕ್ಕಳ ಪ್ರೀತಿಯನ್ನು ಅಳೆಯುವುದಕ್ಕೆ ಒಂದೇ ದಿನ ತೆಗೆದುಕೊಂಡ. ಹ್ಯಾರಿಸ್ ಅದನ್ನು ಬೇಸಿಗೆಯಿಂದ ಬೇಸಿಗೆಗೆ ಮುಂದೂಡುತ್ತಲೇ ಇರುತ್ತಾನೆ.

ನಮ್ಮಲ್ಲಿ ಕಾನೂನು ಬೇರೆ, ಸಂಕಟ ಬೇರೆಯಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಅದರ ಮರುವರ್ಷವೇ ನಮ್ಮ ಮಾವ ತನ್ನ ಮೂವರು ಅಕ್ಕತಂಗಿಯರನ್ನು ವಾಡೆಗೆ ಕರೆಸಿದ. ಅಜ್ಜ ಇನ್ನೂ ಗಟ್ಟಿಯಾಗಿದ್ದ, ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ, ಒಂದು ಮಾತೂ ಆಡಲಿಲ್ಲ. ಮೂವರಿಗೂ ಇಳಕಲ್ ಸೀರೆ ಕೊಟ್ಟು ಉಡಿ ತುಂಬಿದ ಮೇಲೆ, ಆಸ್ತಿಯಲ್ಲಿನ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಹೊರಗೆ ಬಂತು. ಅವ್ವ, "ತವರಮನಿ ಬಾಗಲಾ ತೆರದಿದ್ರ ಸಾಕವ್ವಾ" ಎನ್ನುತ್ತ ಸಹಿ ಮಾಡಿದಳು, ದೊಡ್ಡ ಮೌಶಿಯೂ ಮಾಡಿದಳು. ಸಣ್ಣ ಮೌಶಿ ಸೀರೆಯನ್ನು ಮಡಚಿ ಅಲ್ಲೇ ಇಟ್ಟು, ಓದಿ ನೋಡುತ್ತೇನೆ ಎಂದು ಪತ್ರವನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋದಳು. ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲವೆಂದು ಹಾಡು ಕಟ್ಟಿದ ನಾಡು ನಮ್ಮದು; ಆ ವರ್ಷದ ಪಂಚಮಿಗೆ ಸಣ್ಣ ಮೌಶಿಯನ್ನು ಕರೆಯಲು ಯಾರೂ ಹೋಗಲಿಲ್ಲ. ಆಕೆಗೆ ಜ್ವರ ಬಂದಿದೆ ಎಂದು ಮನೆಯ ಮಕ್ಕಳಿಗೆಲ್ಲ ಹೇಳಿದರು.

ಸಿರಿವಂತರ ಮನೆಯ ಗುಟ್ಟೆಂದರೆ ಸಂದೂಕದ ತಳದಲ್ಲಿ ಬಚ್ಚಿಟ್ಟ ಕಾಗದ ಎಂದು ಓದುಗರು ಸಾಮಾನ್ಯವಾಗಿ ಭಾವಿಸುತ್ತಾರೆ, ಮತ್ತು ಈ ಬಗೆಯ ಬಹಳಷ್ಟು ಕಾದಂಬರಿಗಳು ಆ ಕಾಗದವನ್ನು ಹುಡುಕಿಸುವುದರಲ್ಲೇ ಮುನ್ನೂರು ಪುಟ ಕಳೆಯುತ್ತವೆ. ಈ ಕಾದಂಬರಿಯ ಹೆಚ್ಚುಗಾರಿಕೆ ಎಂದರೆ, ಗುಟ್ಟು ಒಂದು ವಸ್ತುವಲ್ಲ, ಮನೆಯ ನಡವಳಿಕೆ ಎಂದು ಅದಕ್ಕೆ ಗೊತ್ತಿದೆ. ತಂದೆ ಮನೆ ಬಿಟ್ಟು ಹೋದ ದಿನ ಅಳುವ ಮಗಳಿಗೆ ಪೆನಿ ಸರಿಯಾಗಿ ನಿಂತುಕೋ, ಏನೂ ಆಗದವಳಂತೆ ಇರು ಎಂದು ಆಜ್ಞಾಪಿಸುತ್ತಾಳೆ, ಆಮೇಲೆ ಗಂಡನ ನೆನಪು ತರುವ ಸಾಮಾನುಗಳನ್ನೆಲ್ಲ ಹೊರಗೆ ಹಾಕಿಸಿ ಮನೆಗೆ ಹೊಸ ಪೀಠೋಪಕರಣ ತರಿಸುತ್ತಾಳೆ. ಅಜ್ಜಿ ಸತ್ತ ಮೇಲೂ ಹಾಗೆಯೇ, ಆಕೆಯ ಹೆಸರನ್ನು ಊಟದ ಮೇಜಿನಲ್ಲಿ ತೆಗೆಯುವಂತಿಲ್ಲ. ಕೇಡೆನ್ಸ್‌ಳ ಮರೆವನ್ನು ಲೇಖಕಿ ಕೇವಲ ಕಥೆಯ ತಂತ್ರವಾಗಿ ಬಳಸಿದ್ದಾರೆಂದು ಕೆಲವರಿಗೆ ಅನ್ನಿಸಬಹುದು; ಮರೆಯುವುದನ್ನೇ ಮರ್ಯಾದೆ ಎಂದು ಕಲಿಸಿದ ಮನೆಯಲ್ಲಿ ಬೆಳೆದ ಹುಡುಗಿಗೆ ಅದಕ್ಕಿಂತ ಸಹಜವಾದ ಕಾಯಿಲೆ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುತ್ತದೆ.

ತಕರಾರೂ ಇದೆ. ವಾಕ್ಯವನ್ನು ನಡುವೆ ಮುರಿದು ಸಾಲಿಗೆ ಎರಡೇ ಪದ ಇಡುವ ಬರವಣಿಗೆ ಆರಂಭದಲ್ಲಿ ಚುರುಕೆನಿಸಿದರೂ ನೂರು ಪುಟ ದಾಟುವಾಗ ದಣಿಸುತ್ತದೆ. ಅದಕ್ಕಿಂತ ದೊಡ್ಡ ತಕರಾರು ಗ್ಯಾಟ್‌ನದು. ಎಲ್ಲರಿಗೂ ದ್ವೀಪಗಳಿಲ್ಲ, ದ್ವೀಪದಲ್ಲಿ ದುಡಿಯುವವರೂ ಇದ್ದಾರೆ, ಉಣ್ಣಲು ಇಲ್ಲದವರೂ ಇದ್ದಾರೆ ಎಂದು ಅವನು ನೆನಪಿಸುತ್ತಾನೆ. ತನ್ನನ್ನು 1847ರ 'ವದರಿಂಗ್ ಹೈಟ್ಸ್' ಕಾದಂಬರಿಯ ಹೀತ್‌ಕ್ಲಿಫ್‌ಗೆ ಹೋಲಿಸಿಕೊಂಡು, ಹೊರಗಿನವನನ್ನು ಸಾಕಿದ ಮನೆ ಅವನಿಗೆ ಎಂದೂ ಮನೆಯಾಗುವುದಿಲ್ಲ ಎಂಬ ಅರ್ಥದಲ್ಲಿ ಮಾತನಾಡುತ್ತಾನೆ. ಅವನು ಹೇಳುವುದೆಲ್ಲ ಸರಿಯೇ. ಆದರೆ ಅವನು ಸದಾ ಸಿಂಕ್ಲೇರ್‌ಗಳ ಕಣ್ಣು ತೆರೆಸುವ ಕೆಲಸದಲ್ಲೇ ಇರುತ್ತಾನೆ. ಉಳಿದ ಹತ್ತು ತಿಂಗಳು ಅವನು ಏನು ತಿಂದ, ಯಾರ ಜೊತೆ ಜಗಳವಾಡಿದ, ತನ್ನ ಮನೆಯಲ್ಲಿ ಅವನನ್ನು ಏನೆಂದು ಕರೆಯುತ್ತಾರೆ ಎಂಬುದು ನಮಗೆ ಹೆಚ್ಚು ತಿಳಿಯುವುದಿಲ್ಲ. ಅಜ್ಜ ಅವನ ಹೆಸರು ಹಿಡಿಯಲಿಲ್ಲ. ಕಥೆ ಹೇಳುವ ಮೊಮ್ಮಗಳು ಹೆಸರು ಹಿಡಿದಳು, ಅಷ್ಟಕ್ಕೆ ನಿಂತಳು. ಧಾರಾವಾಹಿಯಲ್ಲಿ ಶುಭಂ ಮಹೇಶ್ವರಿ ಗ್ಯಾಟ್ ಆಗಿಯೂ ರಾಹುಲ್ ಕೊಹ್ಲಿ ಎಡ್ ಆಗಿಯೂ ನಟಿಸಿದ್ದರಿಂದ ಆ ಇಬ್ಬರಿಗೂ ಮುಖವಾದರೂ ಬಂದಿದೆ.

ಪುಸ್ತಕವನ್ನು ಹಿಂದಿರುಗಿಸಿದ ದಿನ ಅಕ್ಕನ ಮಗಳು ಹಳೆಯ ಫೋಟೋಗಳ ಡಬ್ಬಿಯನ್ನು ಹರವಿಕೊಂಡು ಕೂತಿದ್ದಳು. ಆ ಪಂಚಮಿಯ ಫೋಟೋ ಅದರಲ್ಲಿತ್ತು: ಜೋಕಾಲಿಯ ಮುಂದೆ ಇಳಕಲ್ ಸೀರೆಯುಟ್ಟ ಅವ್ವ, ದೊಡ್ಡ ಮೌಶಿ, ಹಿಂದೆ ಅಜ್ಜ. "ಇದರಾಗ ಆಯಿಯ ಸಣ್ಣ ತಂಗಿ ಯಾಕಿಲ್ಲ?" ಎಂದು ಕೇಳಿದಳು. "ಆಕೀಗೆ ಜ್ವರ ಬಂದಿತ್ತು" ಎಂದೆ. ಅವಳು ಫೋಟೋವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ಮೌಶಿ, ನೀ ಥೇಟ್ ಪೆನಿ ಮಾತಾಡಿದಂಗ ಮಾತಾಡಾಕತ್ತಿ" ಎಂದಳು.