ಹಗೇವಿನ ಜೋಳ, ಹೊಳೆಯ ಮೊಸಳೆ

ಧಾರವಾಡ, 27 ಏಪ್ರಿಲ್ 2025, ಭಾನುವಾರ

ಮುಂದಿನ ವಾರ ಹಾವೇರಿ ಕಡೆ ತುಂಗಭದ್ರೆಯ ದಂಡೆಗೆ ಶಾಲೆ ಹುಡುಗರ ತಂಡವೊಂದು ಹೊರಡಲಿದೆ. ಮೊಸಳೆ ಕಂಡ ಕೂಡಲೇ ಅವರು ಕೇಳುವ ಪ್ರಶ್ನೆ ಗೊತ್ತಿದ್ದದ್ದೇ: ಡೈನೋಸಾರ್ ಸತ್ತವು, ಇದು ಹೆಂಗ ಉಳೀತು? ‘ಚರ್ಮ ಗಟ್ಟಿ ಇತ್ತು’ ಎಂದು ಹೇಳಿ ಮುಗಿಸಬಾರದು. ಮೈತುಂಬ ಎಲುಬಿನ ಹಲಗೆ ಹೊದ್ದಿದ್ದ ಆಂಕೈಲೋಸಾರಸ್ ಎಂಬ ಡೈನೋಸಾರ್ ಕೂಡ ಉಳಿಯಲಿಲ್ಲ.

ಊರಿನ ಕಲ್ಲಿನಲ್ಲಿ ಉತ್ತರ ಹುಡುಕಿ ಫಲವಿಲ್ಲ. ಧಾರವಾಡದ ಶಿಸ್ಟ್ ಎಂಬ ಪದರುಗಲ್ಲು, ಗದಗಿನ ಕಪ್ಪತಗುಡ್ಡದ ಬಂಡೆ 250 ಕೋಟಿ ವರ್ಷಕ್ಕೂ ಹಳೆಯವು. ಬೆನ್ನೆಲುಬಿನ ಪ್ರಾಣಿ ಆಗ ಇರಲೇ ಇಲ್ಲ. ನಮಗೆ ಬೇಕಾದದ್ದು ಡೈನೋಸಾರ್‌ಗಳು ಅಳಿದ ಕಾಲ, 6.6 ಕೋಟಿ ವರ್ಷದ ಹಿಂದಿನದು. ಅದರ ಕಲ್ಲು ಮುಟ್ಟಬೇಕೆಂದರೆ ಬೆಳಗಾವಿ ದಿಕ್ಕಿಗೆ ಹೋಗಬೇಕು. ಅಲ್ಲಿಯ ಕರಿಕಲ್ಲು ದಖನ್ ಲಾವಾ ಹರಿದು ಆರಿದ್ದು. ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ನಡುನಡುವೆ ಬಿಡುವಿತ್ತು, ಆ ಬಿಡುವಿನಲ್ಲಿ ಕೆರೆಗಳು ತುಂಬಿದವು. ದಖನ್ನಿನ ಕೆಲವೆಡೆ ಆ ಕೆರೆಗಳ ಕೆಸರು ಪದರಗಳಲ್ಲಿ ಮೀನು, ಕಪ್ಪೆ, ಆಮೆಗಳ ಜತೆ ಮೊಸಳೆ ಜಾತಿಯ ಚೂರುಗಳೂ ಸಿಕ್ಕಿವೆ.

ಹೊಡೆತ ಬಿದ್ದದ್ದು ಮೆಕ್ಸಿಕೋದ ಯುಕಟಾನ್‌ನಲ್ಲಿ. ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ, ಅದು ತೋಡಿದ ಕುಳಿಯ ಅಗಲ ಸುಮಾರು 180 ಕಿ.ಮೀ. ಮೇಲಕ್ಕೆ ಚಿಮ್ಮಿದ ಕಲ್ಲಿನ ಹನಿಗಳು ವಾತಾವರಣಕ್ಕೆ ಮರಳಿ ಬೀಳುವಾಗ ಆಕಾಶವೇ ಕಾದ ಹೆಂಚಾಗಿತ್ತು ಎನ್ನುವವರಿದ್ದಾರೆ. ಆ ಶಾಖ ಎಷ್ಟಿತ್ತೆಂಬ ಜಗಳ ಇನ್ನೂ ಮುಗಿದಿಲ್ಲ. ಎಷ್ಟೇ ಇರಲಿ, ನೀರಿನಲ್ಲಿ ಮುಳುಗಿದವರಿಗೂ ಬಿಲದೊಳಗೆ ಇದ್ದವರಿಗೂ ಅದರ ಕಾಟ ಕಡಿಮೆ. ನಿಜವಾಗಿ ಕೊಂದದ್ದು ಆಮೇಲಿನ ಕತ್ತಲೆ. ಮಸಿ, ದೂಳು, ಗಂಧಕದ ಮಂಜು ಸೂರ್ಯನನ್ನು ಮುಚ್ಚಿದವು. ತಿಂಗಳುಗಟ್ಟಲೆ ಎಲೆ ಚಿಗುರಲಿಲ್ಲ. ಎಲೆ ತಿನ್ನುವುದು ಸತ್ತಿತು, ಅದನ್ನು ತಿನ್ನುವುದೂ ಸತ್ತಿತು.

ಹುಡುಗರಿಗೆ ಇಲ್ಲಿ ಹಗೇವು ನೆನಪಿಸಬೇಕು. ಈಗಿನವರು ನೋಡಿರಲಿಕ್ಕಿಲ್ಲ, ಅಜ್ಜ-ಅಮ್ಮ ಕಂಡಿರುತ್ತಾರೆ. ನೆಲದಲ್ಲಿ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಹಿಂದಿನ ವರ್ಷದ ಜೋಳವೇ ಮನೆಯನ್ನು ನಡೆಸುತ್ತಿತ್ತು. ಹೊಳೆಯ ತಳವೂ ಅಂಥದ್ದೇ. ಹಳೆಯ ಎಲೆ, ಕಟ್ಟಿಗೆ, ಸತ್ತ ಪ್ರಾಣಿ ಎಲ್ಲ ಕೊಚ್ಚಿಬಂದು ಅಲ್ಲಿ ಕೂಡಿರುತ್ತವೆ. ಅದನ್ನು ಬೂಷ್ಟು, ಹುಳು, ಸಿಗಡಿ, ಬಸವನಹುಳು ತಿನ್ನುತ್ತವೆ. ಅವುಗಳನ್ನು ಮೀನು, ಮೀನನ್ನು ಮೊಸಳೆ. ಈ ಸರಪಳಿಗೆ ಇವತ್ತಿನ ಬಿಸಿಲು ಬೇಕಿಲ್ಲ, ಹಿಂದಿನ ಬಿಸಿಲಿನ ಬಾಕಿ ಸಾಕು. ಸಿಹಿನೀರಿನ ಆಮೆಗಳಲ್ಲಿ ಹೆಚ್ಚಿನವು ಉಳಿದದ್ದಕ್ಕೂ ಇದೇ ಕಾರಣ ಎಂಬ ವಾದ ನನಗೆ ಒಪ್ಪಿಗೆ.

ಹಗೇವಿಗೆ ಒಂದು ಕುತ್ತೂ ಇತ್ತು. ಬಾಯಿ ತೆರೆದ ಕೂಡಲೇ ಇಳಿದರೆ ಉಸಿರು ಕಟ್ಟಿ ಸಾಯಬಹುದಿತ್ತು, ಒಳಗೆ ಕೆಟ್ಟ ಗಾಳಿ ಕೂಡಿರುತ್ತಿತ್ತಲ್ಲ. ಎಲೆ ಕೊಳೆಯುವ ನೀರಿನಲ್ಲೂ ಆಮ್ಲಜನಕ ಕಡಿಮೆಯಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮೊಸಳೆಗೆ ಆ ಚಿಂತೆ ಇಲ್ಲ, ಮೂಗಿನ ತುದಿ ನೀರಿನ ಮೇಲೆ ಇದ್ದರಾಯಿತು.

ಇನ್ನು ಖರ್ಚು. ಮೊಸಳೆ ಮೈಕಾವಿಗೆ ಅನ್ನ ಸುಡುವುದಿಲ್ಲ, ಬಿಸಿಲಿನಿಂದ ಪಡೆಯುತ್ತದೆ. ಅಷ್ಟೇ ತೂಕದ ಬಿಸಿರಕ್ತದ ಪ್ರಾಣಿಗೆ ಬೇಕಾದ ಮೇವಿನ ಹತ್ತನೇ ಒಂದು ಪಾಲು ಸಿಕ್ಕರೂ ಸುಮಾರಾಗಿ ನಡೆಯುತ್ತದೆ. ದೊಡ್ಡ ಮೊಸಳೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಬಾಲದ ಬುಡದ ಕೊಬ್ಬು ಕರಗಿಸುತ್ತದೆ. ಹೃದಯಕ್ಕೆ ನಾಲ್ಕು ಕೋಣೆ, ಜತೆಗೆ ಪುಪ್ಪುಸದ ಕಡೆ ಹೋಗುವ ರಕ್ತವನ್ನು ತಡೆದು ಮೈ ಕಡೆ ತಿರುಗಿಸುವ ಕವಾಟ. ಹೀಗಾಗಿ ಅಲುಗದೆ ತಳದಲ್ಲಿ ಗಂಟೆ ಕಳೆಯಬಲ್ಲದು.

ತೊಡಕು ಚಳಿಯದ್ದು. ಮೈ ತಣ್ಣಗಾದರೆ ಜೀರ್ಣ ನಿಲ್ಲುತ್ತದೆ, ನುಂಗಿದ ಮಾಂಸ ಹೊಟ್ಟೆಯಲ್ಲೇ ಕೊಳೆಯುತ್ತದೆ. ಅದಕ್ಕೇ ಚಳಿ ಬಿದ್ದಾಗ ಅವು ತಿನ್ನುವುದನ್ನೇ ಬಿಡುತ್ತವೆ. ಅಮೆರಿಕದ ಅಲಿಗೇಟರ್ ಹೆಪ್ಪುಗಟ್ಟಿದ ಕೆರೆಯಲ್ಲಿ ಮೂಗಷ್ಟೇ ಹೊರಗಿಟ್ಟು ಮರಗಟ್ಟಿ ಕೂತಿರುವುದುಂಟು. ಸೂರ್ಯ ಮುಚ್ಚಿದ ಆ ಚಳಿಯ ವರ್ಷಗಳಲ್ಲಿ ಅವುಗಳ ಪೂರ್ವಜರೂ ಇಂಥದ್ದೇ ಏನೋ ಮಾಡಿರಬೇಕು.

‘ಮೊಸಳೆಗಳೆಲ್ಲ ಉಳಿದವು’ ಎನ್ನುವುದು ಮಾತ್ರ ತಪ್ಪು. ಮಡಗಾಸ್ಕರದಲ್ಲಿ ಮೊಂಡುಮೂತಿಯ, ಸೊಪ್ಪು ತಿನ್ನುತ್ತಿದ್ದ ಸಿಮೋಸುಕಸ್ ಇತ್ತು, ಉದ್ದ ಒಂದು ಮೀಟರಿಗೂ ಕಡಿಮೆ. ಅಂಥ ನೆಲದ ಮೊಸಳೆಗಳ ಬಳಗದಲ್ಲಿ ಹೆಚ್ಚಿನವು ಹೋದವು. ಮೊಸಳೆ ಬಳಗದ ದೈತ್ಯ ಡೈನೋಸುಕಸ್ ಅದಕ್ಕೂ ಎಷ್ಟೋ ಮೊದಲೇ ಅಳಿದಿತ್ತು, ಚಿತ್ರಗಳಲ್ಲಿ ಅದನ್ನು ಕ್ಷುದ್ರಗ್ರಹದ ಕೆಳಗೆ ನಿಲ್ಲಿಸುವವರಿಗೆ ಹೇಳಬೇಕು. ಆ ಅಳಿವಿನ ಗಡಿ ದಾಟಿದ ಬೊರಿಯಲೋಸುಕಸ್ ಹೊಳೆ-ಕೆರೆಯ ಸಾಧಾರಣ ಮೊಸಳೆ, ಸಿಕ್ಕದ್ದನ್ನು ತಿನ್ನುವಂಥದ್ದು. ಆದರೆ ನನ್ನ ಹಗೇವಿನ ಲೆಕ್ಕಕ್ಕೆ ಒಗ್ಗದವೂ ಇವೆ: ಮೊಸಳೆ ಬಳಗದವೇ ಆದ, ಉಪ್ಪುನೀರಿನಲ್ಲೂ ತಿರುಗುತ್ತಿದ್ದ ಡೈರೋಸಾರ್‌ಗಳು ಉಳಿದವು, ನೆಲದ ಮೇಲೆ ಬೇಟೆಯಾಡುವ ಸೆಬೆಸಿಡ್‌ಗಳೂ ಉಳಿದವು. ಅವನ್ನು ಮುಚ್ಚಿಟ್ಟು ಪಾಠ ಮಾಡಬಾರದು.

ಮೊಟ್ಟೆಯ ವಿಷಯ, ಚಿಕ್ಕದಾಗಿ. ನಮ್ಮ ಹೊಳೆ ಮೊಸಳೆ ಒಂದು ಸಲಕ್ಕೆ 25ರಿಂದ 30 ಮೊಟ್ಟೆ ಮರಳಿನಲ್ಲಿ ಹೂಳುತ್ತದೆ. ಗುಂಡಿ 31 ಡಿಗ್ರಿಗಿಂತ ತಂಪಿದ್ದರೆ ಎಲ್ಲವೂ ಹೆಣ್ಣು, 32.5ರ ಸುತ್ತ ಗಂಡು. ಚಳಿಯ ವರ್ಷಗಳಲ್ಲಿ ಇದು ಕೆಟ್ಟ ಏರ್ಪಾಡು. ಕೈಹಿಡಿದದ್ದು ಆಯುಸ್ಸು: ಹತ್ತಾರು ವರ್ಷ ಬದುಕುವ ಪ್ರಾಣಿಗೆ ನಾಲ್ಕು ವರ್ಷ ಮರಿ ಆಗದಿದ್ದರೂ ವಂಶ ಮುರಿಯದು.

ದಂಡೆಯಲ್ಲಿ ಗಮನಿಸಬೇಕಾದದ್ದು: ಈಗ ಮರಿ ಒಡೆಯುವ ಹೊತ್ತು. ಮೊಟ್ಟೆಯೊಳಗಿನಿಂದಲೇ ಮರಿ ಕೂಗುತ್ತದೆ, ತಾಯಿ ಮರಳು ಕೆದರಿ ತೆಗೆದು ಬಾಯಲ್ಲಿ ನೀರಿಗೆ ಒಯ್ಯುತ್ತದೆ. ಕೆದರಿದ ಮರಳು, ಬಾಲ ಎಳೆದ ಗೆರೆ ಕಂಡರೆ ಅಲ್ಲಿಂದಲೇ ಹಿಂದಕ್ಕೆ. ನೀರು ಇಳಿದಿರುವುದರಿಂದ ದಡದ ಮಣ್ಣಿನಲ್ಲಿ ಬಿಲದ ಬಾಯಿಗಳೂ ತೆರೆದುಕೊಂಡಿರುತ್ತವೆ. ಮೇಲ್ಭಾಗ ಕಮಾನಿನಂತೆ, ತಳ ಮೊಸಳೆಯ ಹೊಟ್ಟೆ ಉಜ್ಜಿ ನುಣುಪಾಗಿ. ಹೊರಗೆ 40 ಡಿಗ್ರಿ ಇದ್ದಾಗ ಮೊಸಳೆ ಆ ತಂಪಿನಲ್ಲಿ ಮಲಗಿರುತ್ತದೆ. ಬಿಲ ತೋರಿಸುವುದಾದರೆ ಆಚೆ ದಡದಿಂದ, ಬೈನಾಕ್ಯುಲರ್ ಹಿಡಿದು.