ಮಂಡಿ ಜಾರುವುದನ್ನೂ ಲೆಕ್ಕಕ್ಕೆ ತಗೊಳ್ಳಿ

ಅಮೆರಿಕದ ಸೇನೆಯಲ್ಲಿದ್ದಾಗ ನನ್ನ ಬಲ ಮೊಣಕಾಲಿಗೆ ಪೆಟ್ಟಾಯಿತು. ಪರಿಹಾರದ ಹಣ ಎಷ್ಟು ಅಂತ ನಿರ್ಧರಿಸುವ ಅಂಗವೈಕಲ್ಯ ರೇಟಿಂಗ್ ಸಿಕ್ಕಿದ್ದು ಶೇ 10. ತಪಾಸಣೆಯಲ್ಲಿ ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಅಳೆದರು, ಅಷ್ಟೇ. ಮೆಟ್ಟಿಲು ಇಳಿಯುವಾಗ ಮಂಡಿ ಪಕ್ಕಕ್ಕೆ ಜಾರುತ್ತದೆ. ಅದನ್ನು ಯಾರೂ ಕೇಳಲೇ ಇಲ್ಲ. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ. ಈ ರೇಟಿಂಗ್ ಕೊಡುವ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ನಿಯಮದ ಪ್ರಕಾರ ಮಡಚಲು ಆಗದಿರುವುದಕ್ಕೆ ಒಂದು ರೇಟಿಂಗ್, ಮಂಡಿ ನಿಲ್ಲದೆ ಜಾರುವುದಕ್ಕೆ ಇನ್ನೊಂದು ಕೊಡಬಹುದು.

ರೇಟಿಂಗ್ ತೀರ್ಪು ಬಂದ 1 ವರ್ಷದೊಳಗೆ ಅದನ್ನು ಮತ್ತೆ ನೋಡಿ ಅಂತ ಅರ್ಜಿ ಹಾಕಿದರೆ ಹಳೆಯ ತಾರೀಖಿನಿಂದಲೇ ಹಣ ಸಿಗುವ ಅವಕಾಶ ಉಳಿಯುತ್ತದೆ. ಹೈಯರ್ ಲೆವೆಲ್ ರಿವ್ಯೂನಲ್ಲಿ (ಹಿರಿಯ ಅಧಿಕಾರಿಯ ಮರುಪರಿಶೀಲನೆ) ಹೊಸ ದಾಖಲೆ ಸೇರಿಸುವಂತಿಲ್ಲ. ಹಾಗಾಗಿ ಹೊಸ ದಾಖಲೆ ಕೊಡಲು ಅವಕಾಶವಿರುವ ಸಪ್ಲಿಮೆಂಟಲ್ ಕ್ಲೇಮ್ ಹಾಕಿದೆ. ಮೂಳೆ ಡಾಕ್ಟರ ಪತ್ರದ ಜೊತೆ ಹೆಂಡತಿಯ ಹೇಳಿಕೆಯನ್ನೂ ಇಟ್ಟೆ. ನಾನು ಬಿದ್ದಾಗೆಲ್ಲ ಎತ್ತಿದವಳು ಅವಳೇ. ಅವಳ ಮಾತಿಗೂ ಬೆಲೆ ಇರಬೇಕು ಅಲ್ವಾ?